ಗೂಡಿನ ಚೀಲ

ಬಿಡದಿ ಹತ್ತಿರ
೧೨-೮-೨೦೦೫

ಮಾವ ಮಾಯಣ್ಣನವರಿಗೆ, ಅಳಿಯ ಚಿಕ್ಕರಾಜುವಿನ ನಮಸ್ಕಾರಗಳು.

ನಿಮ್ಮ ಮಗಳ ವರ್ಷದ ತಿಥಿ ಮುಗಿದ ಮೇಲೆ ಇವತ್ತು ಮೊದಲ ಸಲ ಬೈಕ್ ಹತ್ತಿದೆ. ರೇಷ್ಮೆಗೂಡಿನ ಚೀಲವನ್ನು ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದು, ಕಾರ್ಖಾನೆಯ ಷಿಫ್ಟ್ ಬಸ್ಸುಗಳ ನಡುವೆಯೇ ರಾಮನಗರದ ಮಾರುಕಟ್ಟೆಗೆ ಹೋಗಿ ಬಂದೆ. "ಗಾಡಿಗೆ ಹೆದರ್ಕೊಂಡು ಎಷ್ಟು ದಿನ ಕೂತಿರ್ತೀಯಪ್ಪ" ಎನ್ನುತ್ತಿದ್ದಿರಿ. ಪಕ್ಕದಲ್ಲೇ ಲಾರಿ ಹಾರ್ನ್ ಹೊಡೆದರೂ ಬ್ರೇಕ್ ಒತ್ತಲಿಲ್ಲ. ಹಿಂದೆ ಬೀಳುವವರು ಯಾರೂ ಇರಲಿಲ್ಲವಲ್ಲ.

ಮಗು ನಯನಳನ್ನು ಮಾತ್ರ ನೀವೇ ಬಸ್ಸಿನಲ್ಲಿ ಕರೆತನ್ನಿ. ನನ್ನ ಬೈಕಿನಲ್ಲಿ ಕೂರಿಸಬೇಡಿ.

ನಿಮ್ಮ ಮಗಳು ಸರಿಯಾಗಿ ಹಿಡಿದುಕೊಂಡಿರಲಿಲ್ಲ, ಅದಕ್ಕೇ ಬೈಕಿನಿಂದ ಬಿದ್ದಳು ಎಂದು ಅವತ್ತು ಎಲ್ಲರೆದುರು ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ. ಗೂಡು ನಜ್ಜಿದರೆ ಒಳಗಿನ ಹುಳು ಒಡೆದು ಕಲೆಯಾಗುತ್ತದೆ, ಹರಾಜಿನಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಅದಕ್ಕೇ ಚೀಲವನ್ನು ಅವಳ ಮಡಿಲಲ್ಲಿ ಇಟ್ಟಿದ್ದೆ. ಹೆದ್ದಾರಿಗೆ ಬಂದಾಗ ಭಯಕ್ಕೆ ನನ್ನ ಭುಜ ಹಿಡಿದಳು. "ನನ್ನ ಬುಡು, ಚೀಲನ ಎರಡು ಕೈಲೂ ತಬ್ಕೊ" ಎಂದು ಗದರಿದೆ. ಮುಂದಿನ ತಿರುವಿನಲ್ಲೇ ಲಾರಿಗೆ ಹೆದರಿ ಬ್ರೇಕ್ ಒತ್ತಿದೆ.

ರಸ್ತೆಯಿಂದ ಎತ್ತುವಾಗಲೂ ತಬ್ಬಿಕೊಂಡೇ ಇದ್ದಳು ಮಾವ. ಒಂದು ಗೂಡೂ ನಜ್ಜಿರಲಿಲ್ಲ.

ನಿಮ್ಮ
ಚಿಕ್ಕರಾಜು