ಶನಿವಾರದ ಚೀಟಿ

ಡ್ರಿಲ್ ಮಾಸ್ತರೇ,

ಕಾಲಿಗೆರಗಿ ಬರೆಯುತ್ತಿದ್ದೇನೆ ಎಂದು ಶುರು ಮಾಡುವುದಿಲ್ಲ. ನೀವಿದ್ದಾಗ ಎರಗಿದ್ದೆಲ್ಲ ಹೆದರಿಕೆಗೆ. ನೀವು ತೀರಿಕೊಂಡ ಸುದ್ದಿ ಬಂದಾಗ ನನಗೆ ಅಳು ಬರಲಿಲ್ಲ, ಅಂಗೈ ಉರಿಯಿತು. ಸಿಟ್ಟು ಇನ್ನೂ ಇದೆ, ಮುಚ್ಚಿಡುವುದೇಕೆ?

ಕುಮಟೆಯ ನಮ್ಮ ಶಾಲೆಯ ಶನಿವಾರಗಳು ನೆನಪಿವೆಯೇ? ಬೇರೆ ಮಾಸ್ತರರು ವಾರವಿಡೀ ತಾವು ಕೈ ಎತ್ತುತ್ತಿರಲಿಲ್ಲ, ಚೀಟಿಯಲ್ಲಿ ಹೆಸರು ಬರೆದಿಡುತ್ತಿದ್ದರು. ಶನಿವಾರ ಬೆಳಗಿನ ಡ್ರಿಲ್‌ನಲ್ಲಿ ಆ ಚೀಟಿಗಳು ನಿಮ್ಮ ಕೈಗೆ. ಲೆಕ್ಕ ಬಾರದವನು, ತಡವಾಗಿ ಬಂದವನು, ಎಲ್ಲರಿಗೂ ನಿಮ್ಮದೇ ಬೆತ್ತ. "ಕೈ ನೀಡಾ! ಅತ್ರೆ ಮತ್ತೆರಡು!" ಕಾಗಾಲ ಹಳ್ಳಿಯಿಂದ ಗದ್ದೆಯ ಹಾಳಿಯ ಸಪೂರ ಬದುವಿನ ಮೇಲೆ ಓಡಿ ಬರುತ್ತಿದ್ದ ಹುಡುಗರ ಕಾಲಲ್ಲಿ ಎಂಥ ಕಸುವಿತ್ತು! ಅವರಿಗೆ ಹುತುತು ಆಡಿಸಿದ್ದರೆ... ನಿಮ್ಮ ಕಪಾಟಿನ ಚೆಂಡು ಮಾತ್ರ ಇನ್‌ಸ್ಪೆಕ್ಟರು ಬಂದ ದಿನವಷ್ಟೇ ಬಿಸಿಲು ಕಾಣುತ್ತಿತ್ತು.

ಹೊನ್ನಾವರದಲ್ಲಿ ನಾನೂ ಡ್ರಿಲ್ ಮಾಸ್ತರನಾಗಿ ಸೇರಿದ ಮೊದಲ ಶನಿವಾರ ಹೆಡ್‌ಮಾಸ್ತರರು ಚೀಟಿಗಳ ಕಟ್ಟು ಕೊಟ್ಟರು, ಜತೆಗೊಂದು ಹೊಸ ಬೆತ್ತ. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮೂರು ವರ್ಷ ಹೊಡೆದೆ, ನಿಮ್ಮ ಹಾಗೆಯೇ ಮಣಿಕಟ್ಟು ತಿರುಗಿಸಿ. ಗುರುವಿಗೆ ತಕ್ಕ ಶಿಷ್ಯ, ಅಲ್ಲವೇ?

ಕಳೆದ ಶನಿವಾರದ ಚೀಟಿಯಲ್ಲಿ ಮಾದೇವನೆಂಬ ಹುಡುಗನ ಹೆಸರು ನಾಲ್ಕು ಸಲ ಇತ್ತು, ನಾಲ್ಕೂ ತಡವಾಗಿ ಬಂದದ್ದಕ್ಕೆ. ಶರಾವತಿಯ ಆಚೆ ದಡದಿಂದ ದೋಣಿಯಲ್ಲಿ ಬರುವವನು. "ಜನ ತುಂಬದೇ ದೋಣಿ ಬಿಡೂದಿಲ್ಲ ಮಾಸ್ತರೇ, ನಾ ಎಂತ ಮಾಡ್ಲಿ?" ಎಂದ. ಎದುರುತ್ತರವೆಂದು ಮೈ ಉರಿಯಿತು. ಅಂಗೈಗೆ, ಮೊಣಕೈ ಗಂಟಿಗೆ, ಬೆನ್ನಿಗೆ ಬಾರಿಸಿದೆ. ಅವನು ಅಳಲಿಲ್ಲ, ಅದಕ್ಕೆ ಇನ್ನೂ ಬಾರಿಸಿದೆ. ಅಂಗಿಯ ಮೇಲೆ ರಕ್ತ ಕಂಡರೂ ಕೈ ನಿಲ್ಲಲಿಲ್ಲ. ಕೊನೆಗೆ ಅವನೇ ಬೆತ್ತ ಕಿತ್ತುಕೊಂಡು ಇಡೀ ಶಾಲೆಯೆದುರು ನನ್ನ ಮುಖಕ್ಕೆ ಬೀಸಿದ. ತುಟಿ ಸೀಳಿಹೋಯಿತು.

ಹೆಡ್‌ಮಾಸ್ತರರು ಆಗಲೇ ಕಾಗದ ಬರೆದಿಟ್ಟಿದ್ದರು. "ಇವಂಗೆ ಇನ್ಯಾವ ಶಾಲೆಲೂ ಜಾಗ ಸಿಗಬಾರ್ದು, ಹಾಂಗೆ ಬರ್ದಿದ್ದೆ. ನಿಮ್ಮದೊಂದು ಸಹಿ ಬಿದ್ರೆ ಆತು." ಪೆನ್ನು ಹಿಡಿದೆ. ಬಾಗಿಲಲ್ಲಿ ಮಾದೇವನ ತಾಯಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಆಗ ನೆನಪಾದದ್ದು ಒಂದು ಸಂಜೆ. ಶಾಲೆಯಿಂದ ಹೊರಟಿದ್ದ ನಿಮಗೆ ಗೋಡೆಯಾಚೆಯಿಂದ ಕಲ್ಲು ಬಿದ್ದು ಹಣೆ ಒಡೆದಿತ್ತಲ್ಲ? ಆ ವಾರದ ಚೀಟಿಯಲ್ಲಿ ಮೊದಲ ಹೆಸರು ನನ್ನ ಗೆಳೆಯ ಮಂಜನದು. ಅಷ್ಟಕ್ಕೇ ಅವನೇ ಎಂದು ತೀರ್ಮಾನಿಸಿದಿರಿ. ಮರುದಿನ ಜಗಲಿಯ ಕಂಬಕ್ಕೆ ಕಟ್ಟಿ ಹೊಡೆದಿರಿ. "ನಾ ಅಲ್ಲ, ದೇವರಾಣೆ ನಾ ಅಲ್ಲ!" ಎಂದು ದನಿ ಬಿದ್ದುಹೋಗುವವರೆಗೂ ಕೂಗಿದ. ಶಾಲೆಯಿಂದ ಅವನ ಹೆಸರು ಹೊಡೆದುಹಾಕಿದಿರಿ. ನಾನು ಸಾಲಿನಲ್ಲಿ ನೆಟ್ಟಗೆ ನಿಂತಿದ್ದೆ.

ಕಲ್ಲು ನನ್ನದು, ಮಾಸ್ತರೇ.

ಮುಂದೆ ನನ್ನನ್ನು ತರಬೇತಿಗೆ ಕಳಿಸಲು ನೀವೇ ಶಿಫಾರಸು ಬರೆದುಕೊಟ್ಟಿರಿ, ವಿನಯವಂತನೆಂದು. ನನ್ನ ಕೆಲಸ, ನನ್ನ ಮನೆಯ ಅನ್ನ, ಎಲ್ಲ ಆ ಕಾಗದದಿಂದ. ನಾಚಿಕೆಗೇಡು.

ಮಾದೇವನ ಕಾಗದಕ್ಕೆ ಸಹಿ ಹಾಕಲಿಲ್ಲ. "ತಪ್ಪು ನಂದು. ಅವ ಹೋಪದಾದ್ರೆ ನಾನೂ ಹೋಗ್ತೆ" ಎಂದೆ. ಹೆಡ್‌ಮಾಸ್ತರರು ತುಂಬ ಹೊತ್ತು ಕೂಗಾಡಿ, ಕಾಗದವನ್ನು ಮೇಜಿನ ಖಾನೆಗೆ ತುರುಕಿದರು. ಹುಡುಗ ಉಳಿದ. ಇಂದು ಶನಿವಾರ, ಚೀಟಿಗಳನ್ನು ಬಿಚ್ಚದೆ ತಿರುಗಿ ಕೊಟ್ಟೆ. ಹುತುತು ಆಡಿಸಿದೆ. ಮಕ್ಕಳು ಮೊದಮೊದಲು ನಂಬದೆ ಕೈ ನೀಡಿಕೊಂಡೇ ನಿಂತಿದ್ದರು. ಮಾದೇವ ಗೋಡೆಗೊರಗಿ ನಿಂತ, ಆಟಕ್ಕೆ ಇಳಿಯಲಿಲ್ಲ. ಅವನ ಬೆನ್ನು ಇನ್ನೂ ಮಾಗಿಲ್ಲ.

ಮಂಜ ಈಗ ಭಟ್ಕಳದ ಬಂದರಿನಲ್ಲಿ ಮೂಟೆ ಹೊರುತ್ತಾನಂತೆ. ನಾಳೆ ಹೊಳೆ ದಾಟಿ, ಬಸ್ಸು ಹಿಡಿದು ಹೋಗುತ್ತೇನೆ. ನಿಮಗೆ ಹೇಳುವುದು ಸುಲಭ, ನೀವು ಎದ್ದು ಬರುವುದಿಲ್ಲ. ಅವನ ಎದುರು ನಿಂತು ಹೇಳಬೇಕು. ಕೈ ಎತ್ತಿದರೆ ಹೊಡೆಸಿಕೊಳ್ಳುತ್ತೇನೆ. ಎತ್ತದೆ, "ಬಾ ಮಾರಾಯ, ಕೂತ್ಕೋ" ಎಂದುಬಿಟ್ಟರೆ ಏನು ಮಾಡಲಿ?