ಗೌರಿ ಹಬ್ಬಕ್ಕೆ ಬಂದ ಹಳೇ ಕಾರು

ಹೊನ್ನಾಳಿ

ಆರು ಏರ್‌ಬ್ಯಾಗ್‌ಗಳ ನಡುವೆ ಕ್ಷೇಮವಾಗಿರುವ ತೀರ್ಥರೂಪು ಅಪ್ಪಾಜಿಯವರಿಗೆ, ಒಂದೂ ಇಲ್ಲದ ಮಗಳ ನಮಸ್ಕಾರಗಳು.

ಗೌರಿ ಹಬ್ಬದ ಬಾಗಿನವೆಂದು ನೀವು ಕಳಿಸಿದ ಹಳೇ ಕಾರು ತಲುಪಿತು. ಚನ್ನಗಿರಿಯಿಂದ ಅದನ್ನು ಓಡಿಸಿಕೊಂಡು ಬಂದ ಅಣ್ಣ, ನೀವು ಹೊಸದನ್ನು ಕೊಂಡ ಕಾರಣವನ್ನೂ ಹೆಮ್ಮೆಯಿಂದ ಹೇಳಿದ. "ಗುದ್ದಿದ್ರೆ ಅಪ್ಪಚ್ಚಿ ಆಗೋ ಡಬ್ಬ ಇದು, ಇದರಾಗೆ ನನ್ನ ಮೊಮ್ಮಗನ್ನ ಕೂರಿಸಾಕೆ ಆಗಲ್ಲ" ಅಂದಿರಂತೆ. ಹಿಂದೆಯೇ, "ಸುಮಂಗಲಾಗೆ ಕೊಡ್ರಿ, ನ್ಯಾಮತಿ ಸ್ಕೂಲಿಗೆ ಪಾಠ ಮಾಡಾಕೆ ಹೋಗಿಬರಾಕೆ ಸಾಕು" ಅಂತಲೂ ಅಂದಿರಂತೆ. ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವೆಂದು ಕೇಳಿ, ಈ ವಯಸ್ಸಿನಲ್ಲೂ ನಿಮ್ಮ ಶ್ವಾಸಕೋಶ ಗಟ್ಟಿಯಾಗಿರುವುದಕ್ಕೆ ಸಂತೋಷಪಟ್ಟೆ.

ದಿನಾ ನನ್ನ ಜೊತೆ ಅದೇ ಸ್ಕೂಲಿಗೆ ಬರುವ ಹುಡುಗಿಯೂ ನಿಮಗೆ ಮೊಮ್ಮಗಳಾಗಬೇಕು.

ನಾವಿಬ್ಬರೂ ಮೊದಲಿನಂತೆ ಬಸ್ಸಿಗೇ ಹೋಗುತ್ತಿದ್ದೇವೆ. ಕಾರನ್ನು ಗುಜರಿಗೆ ಹಾಕಲು ಮಾತಾಡಿದ್ದೇನೆ. ಅದಿನ್ನೂ ನಿಮ್ಮ ಹೆಸರಿನಲ್ಲೇ ಇರುವುದರಿಂದ, ಈ ಪತ್ರದ ಜೊತೆ ಇಟ್ಟಿರುವ ಕಾಗದಕ್ಕೆ ಸಹಿ ಹಾಕಿ ಕಳಿಸಿಕೊಡಿ. ವಾಪಸ್ ಮಾತ್ರ ಕೇಳಬೇಡಿ. ಮಾಘದಲ್ಲಿ ತಂಗಿ ಸಂಧ್ಯಾಳ ಮದುವೆ. ಆಮೇಲೆ ನೀವದನ್ನು ಅವಳಿಗೆ ಕೊಡುತ್ತೀರಿ.

ನಿಮ್ಮ ಹಿರೀ ಮಗಳು,
ಸುಮಂಗಲಾ