ಮೌಸ್ ಮುಟ್ಟದ ಸೂಪರಿಂಟೆಂಡೆಂಟ್

10 ಜೂನ್, ಸೋಮವಾರ. ಮಧ್ಯಾಹ್ನ 1.20

ಊಟ ಆಯಿತು. ಸ್ಟಾಫೆಲ್ಲ ಹೊರಗೆ ಬೇವಿನ ನೆರಳಿಗೆ ಹೋದರು. ಆಫೀಸಿನಲ್ಲಿ ನಾನು, ಫ್ಯಾನು. ಕಿವಿಯಲ್ಲಿ ಇಯರ್‌ಫೋನು — ಟೈಪ್ ಮಾಡಿದ್ದನ್ನೆಲ್ಲ ಓದುವ ಸಾಫ್ಟ್‌ವೇರ್ ಅದರೊಳಗೆ ಹೇಳುತ್ತದೆ. ಸ್ಟಾಫಿನ ಲೆಕ್ಕದಲ್ಲಿ ನಾನು ಸದಾ ದಾಸರ ಪದ ಕೇಳುವವನು. ಹಾಗೇ ಅಂದುಕೊಳ್ಳಲಿ.

ಲ್ಯಾಬಿನ ಮಾರೆಣ್ಣ ಹೊಸ ಟೈಪಿಸ್ಟ್ ಎದುರು ಇವತ್ತೂ ಶುರು ಮಾಡಿದ. "ನೋಡಮ್ಮ, ನಮ್ಮ ಸೂಪರಿಂಟೆಂಡೆಂಟ್ ಸಾರು ಮೌಸ್ ಮುಟ್ಟಂಗಿಲ್ಲ. ಎಲ್ಲಾ ಶಾರ್ಟ್‌ಕಟ್. ಹದಿನಾರು ವರ್ಷದ ಕೈ ಅದು!" ನಕ್ಕೆ. ಮುಟ್ಟಿ ಏನು ಮಾಡಲಿ, ಸ್ಕ್ರೀನಿನ ಮೇಲೆ ಬಾಣ ಎಲ್ಲಿದೆ ಅಂತಲೇ ಕಾಣದ ಮೇಲೆ.

ಬಲಗಣ್ಣು ಹೋಗಿ ವರ್ಷವಾಯಿತು. ಎಡಗಣ್ಣಿನಲ್ಲಿ ಈಗ ಕಿಟಕಿ ಯಾವ ಕಡೆ ಅನ್ನುವಷ್ಟು ಬೆಳಕು. ನರ ಒಣಗುತ್ತಿದೆ, ಮದ್ದಿಲ್ಲ ಅಂದರು ಡಾಕ್ಟರು. ಹೆಂಡತಿಗೆ ಹೇಳಿದ್ದು ಮಾತ್ರ — ಕನ್ನಡಕದ ನಂಬರು ಏರಿದೆ. ನಿಜ ಹೇಳಿದರೆ ಸುಪ್ರಜಾ ಮರುದಿನವೇ ಕುರುಗೋಡು ಕಾಲೇಜಿಗೆ ರಾಜೀನಾಮೆ ಕೊಟ್ಟು ಬರುತ್ತಾಳೆ. ಅಂಥ ಹಟದವಳು. ಹತ್ತು ವರ್ಷ ಒದ್ದಾಡಿ ಲೆಕ್ಚರರ್ ಆದವಳು ನನ್ನ ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕಾ?

ಇಲ್ಲಿ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಜುಲೈಗೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಅಲ್ಲಿಯವರೆಗಾದರೂ...

12 ಜೂನ್. 1.30

ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು — ಟ್ರಸ್ಟಿನ ಮೂರೂ ಕಾಲೇಜಿಗೆ ಒಂದೇ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಅಂತ ಆರ್ಡರು. ಬೆಳಿಗ್ಗೆ ಮಾರೆಣ್ಣ ಹಾಕಿಹೋದ. ನನ್ನ ಗ್ರಹಚಾರ ಕೆಟ್ಟಿತು.

ಇನ್ಸರ್ಟ್ ಕೀ ಒತ್ತಿದರೆ ಹೊಸಬ ಕನ್ನಡದಿಂದ ಇಂಗ್ಲಿಷಿಗೆ ಹಾರುತ್ತಾನೆ. ನನ್ನ ಕಿವಿಯಲ್ಲಿ ಓದುವವನಿಗೂ ಅದೇ ಕೀ ಬೇಕು. ಅದನ್ನು ಹಿಡಿದು ಕೆಳಬಾಣ ಒತ್ತಿದರೆ ಅವನು ಪುಟವೆಲ್ಲ ಓದುತ್ತಿದ್ದ. ಈಗ ಓದಪ್ಪಾ ಅಂದರೆ ಭಾಷೆ ಬದಲಾಗುತ್ತದೆ. ಸುಮ್ಮನಿದ್ದರೆ ಏನು ಬರೆದೆನೋ ತಿಳಿಯುವುದಿಲ್ಲ. ಇಬ್ಬರ ಜಗಳದ ನಡುವೆ ನಾನು ಬೆವರುತ್ತಿದ್ದೇನೆ.

13 ಜೂನ್

ಆ ಕೀ ಬದಲಿಸಲು ಸೆಟ್ಟಿಂಗ್ಸ್ ಇದೆಯಂತೆ. ಟ್ಯಾಬ್ ಒತ್ತುತ್ತ ಹೋದೆ. ಕಿವಿಯಲ್ಲಿ "ಬಟನ್... ಬಟನ್... ಬಟನ್..." ಯಾವುದಕ್ಕೂ ಹೆಸರಿಲ್ಲ. ಮುಕ್ಕಾಲು ಗಂಟೆ ಹಾಳು.

ಮಾರೆಣ್ಣನನ್ನು ಕರೆದೆ.

"ಬಲಗಡೆ ಮೂಲ್ಯಾಗ ಸಣ್ಣ ಹಲ್ಲಿನ ಚಕ್ರ ಐತಲ್ರಿ ಸಾರ್. ಅದರ ಮ್ಯಾಲೆ ಒಂದು ಕ್ಲಿಕ್ ಹೊಡೀರಿ, ಮುಗೀತು."

"ನೀನೇ ಮಾಡಿಕೊಡು ಮಾರೆಣ್ಣ."

"ಏನ್ ಸಾರ್, ನೀವ ಹಿಂಗಂದ್ರ! ನಮಗ ಕಂಪ್ಯೂಟರ್ ಕಲಿಸಿದವ್ರು ನೀವು." ತಮಾಷೆ ಅಂದುಕೊಂಡ. ನಗುತ್ತ ಹೋಗಿಬಿಟ್ಟ. ಹಿಂದೆ ಕರೆಯಲು ಬಾಯಿ ಬರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು.

20 ಜೂನ್

ಒಂದು ದಾರಿ ಮಾಡಿಕೊಂಡಿದ್ದೇನೆ. ಬರೀ ಬಾಣದ ಕೀಯಿಂದ ಒಂದೊಂದೇ ಸಾಲು ಕೇಳಬಹುದು. ಪುಟವೆಲ್ಲ ಹಾಗೆ ಕೇಳುತ್ತ ಕೂತರೆ ಅಡ್ಮಿಷನ್ ಗದ್ದಲದಲ್ಲಿ ಕೆಲಸ ಸಾಗದು. ಮೊದಲ ಸಾಲು ಕೇಳುತ್ತೇನೆ, ಕೊನೆಯ ಸಾಲು ಕೇಳುತ್ತೇನೆ, ಪ್ರಿಂಟ್ ಕೊಡುತ್ತೇನೆ. ದೇವರ ದಯೆ, ಇದುವರೆಗೆ ಯಾರೂ ತಪ್ಪು ಹಿಡಿದಿಲ್ಲ.

24 ಜೂನ್, ಸೋಮವಾರ. 1.35

ಬೆಳಿಗ್ಗೆ ಸುಪ್ರಜಾ ಹೊಸ ಸೀರೆ ಉಟ್ಟು ಎದುರು ನಿಂತಳು. "ಹ್ಯಾಂಗದರೀ ಬಣ್ಣ?" "ಛಲೋ ಅದ" ಅಂದೆ. ಅವಳ ಮುಖ ಕಾಣದೆ ಎರಡು ತಿಂಗಳಾಯಿತು. ಬಣ್ಣದ ಮಾತು ಏನು ಹೇಳಲಿ. ಖುಷಿಯಾಗಿ ಬಸ್ಸಿಗೆ ಓಡಿದಳು. ಪಾಪಿ ನಾನು.

ಸಾಕು. ಎರಡು ಗಂಟೆಗೆ ಅಡ್ಮಿಷನ್ ಸರ್ಕ್ಯುಲರ್ ಹೋಗಬೇಕು. ಇವತ್ತಿನದನ್ನು ಕಟ್ ಮಾಡಿ ಪೆನ್‌ಡ್ರೈವಿನ ಫೈಲಿಗೆ ಪೇಸ್ಟ್. ಎಂದಿನ ಹಾಗೆ, ಈ ಕಂಪ್ಯೂಟರಿನಲ್ಲಿ ಒಂದಕ್ಷರ ಉಳಿಯಬಾರದು.

25 ಜೂನ್. 12.10

ಸಿರುಗುಪ್ಪ ಕಾಲೇಜಿನ ಕ್ಲಾರ್ಕ್ ಗಾದೆಪ್ಪ ಫೋನ್ ಮಾಡಿದ್ದ.

"ಸಾರ್, ಸರ್ಕ್ಯುಲರ್ ಬಂದೈತ್ರಿ. ಎರಡನೇ ಪ್ಯಾರಾ ನೀವ ನೋಡೀರೇನು?"

"ನೋಡೀನಿ." ಎಂಥ ಸುಳ್ಳು.

"ಅಲ್ರಿ... ಓದ್ತೀನಿ, ಕೇಳ್ರಿ. 'ಪ್ರವೇಶದ ನಿಯಮಗಳು ಈ ಕೆಳಗಿನಂತಿವೆ. ಬೆಳಿಗ್ಗೆ ಸುಪ್ರಜಾ ಹೊಸ ಸೀರೆ ಉಟ್ಟು ಎದುರು ನಿಂತಳು...'" ಅಲ್ಲಿಗೇ ನಿಲ್ಲಿಸಿದ. ಆಮೇಲೆ ಮೆಲ್ಲಗೆ, "ಸಾರ್, ಮುಖ ಕಾಣಂಗಿಲ್ಲ ಅಂತ ಬರದೀರಿ, ಹೌದೇನ್ರಿ ಇದು?" ಅಂದ.

ಫೋನ್ ಇಟ್ಟೆ.

ಈಗ ತಿಳಿಯಿತು. ಸರ್ಕ್ಯುಲರಿಗೆ ಹಾಕಲು ಹೋದ ವರ್ಷದ ನಿಯಮಗಳ ಮೇಲೆ ಕಂಟ್ರೋಲ್ ಸಿ ಒತ್ತಿದೆನಲ್ಲ, ಅದನ್ನೂ ಹೊಸ ಸಾಫ್ಟ್‌ವೇರ್ ತನ್ನ ಯಾವುದೋ ಕೆಲಸಕ್ಕೆ ಹಿಡಿದಿಟ್ಟುಕೊಂಡಿದೆ. ಕಾಪಿ ಆಗಲೇ ಇಲ್ಲ. ಕಂಟ್ರೋಲ್ ವಿ ಒತ್ತಿದಾಗ ಬಿದ್ದದ್ದು ಹತ್ತು ನಿಮಿಷ ಮೊದಲು ಕಟ್ ಮಾಡಿದ್ದ ದಿನಚರಿ. ಮೊದಲ ಸಾಲು ಸರಿ ಇತ್ತು, ಕೊನೆಯ ಸಾಲೂ ಸರಿ ಇತ್ತು. ಪ್ರಿನ್ಸಿಪಾಲ್ ಯರ್ರಿಸ್ವಾಮಿ ಸಾರು ಸಹಿಯ ಜಾಗ ಮಾತ್ರ ನೋಡುವವರು. ಸ್ಕ್ಯಾನ್ ಆಗಿ ಎರಡೂ ಊರಿಗೆ ಮೇಲ್ ಹೋಯಿತು.

ಕುರುಗೋಡಿನಲ್ಲಿ ಸರ್ಕ್ಯುಲರನ್ನು ನೋಟಿಸ್ ಬುಕ್ಕಿಗೆ ಅಂಟಿಸಿ ಕ್ಲಾಸಿಂದ ಕ್ಲಾಸಿಗೆ ಕಳಿಸುತ್ತಾರೆ. ಪ್ರತಿಯೊಬ್ಬ ಲೆಕ್ಚರರೂ ಓದಿ ತನ್ನ ಹೆಸರಿನ ಮುಂದೆ ಸಹಿ ಹಾಕಬೇಕು. ಸುಪ್ರಜಾನೂ. ಮಕ್ಕಳ ಎದುರಿಗೆ.

ನಾಲ್ಕು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

25 ಜೂನ್. ಮನೆ. ಸಂಜೆ 5.15

ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿದ್ದರು. ಬೈಯಲಿಲ್ಲ. "ವಿಶ್ವಪ್ರಿಯ ಅವರೇ, ಈಗ ಮನಿಗೆ ಹೋಗ್ರಿ. ಟ್ರಸ್ಟಿನವರು ಏನಂತಾರೋ ನೋಡೂಣು." ಬೈದಿದ್ದರೇ ಚೆನ್ನಾಗಿತ್ತು. ಮಾರೆಣ್ಣ ಸತ್ಯನಾರಾಯಣಪೇಟೆಯ ತನಕ ಬೈಕಿನಲ್ಲಿ ಬಿಟ್ಟುಹೋದ. ನಮ್ಮ ಮೆಟ್ಟಿಲ ಹತ್ತಿರ ತೋಳು ಹಿಡಿದ. ಬಿಡಿಸಿಕೊಳ್ಳಲಿಲ್ಲ.

ಇಯರ್‌ಫೋನು ಆಫೀಸಿನಲ್ಲೇ ಉಳಿಯಿತು. ನಾನು ಬರೆದದ್ದನ್ನೆಲ್ಲ ಲ್ಯಾಪ್‌ಟಾಪು ಜೋರಾಗಿ ಓದುತ್ತಿದೆ. ಓದಲಿ. ಕುರುಗೋಡು ಬಸ್ಸು ಬರುವುದು ಆರಕ್ಕೆ, ಮನೆಯಲ್ಲಿ ಯಾರಿದ್ದಾರೆ.

ಅವಳು ಬಂದ ಕೂಡಲೇ ಏನು ಹೇಳಲಿ? ಕೆಲಸದ ಭಯ ಇತ್ತು ಅನ್ನಲೇ? ನಿನ್ನ ನೌಕರಿ ಉಳಿಯಲಿ ಅಂತ ಮುಚ್ಚಿಟ್ಟೆ ಅನ್ನಲೇ? ಎರಡೂ ನಿಜ, ಆದರೆ ಅಷ್ಟೇ ಅಲ್ಲ. ನೆನಪಿನಲ್ಲೂ ಅವಳ ಮುಖ ಅಳಿಸುತ್ತಿದೆ. ಮೂಗು ಸಿಗುತ್ತದೆ, ಕುಂಕುಮ ಸಿಗುತ್ತದೆ, ಕಣ್ಣು ಸಿಗುವುದಿಲ್ಲ. ಹೇಳಿಬಿಟ್ಟರೆ ಅದೂ ಹೋಗುತ್ತದೆ ಅನ್ನಿಸಿತ್ತು. ಇದನ್ನು ಹ್ಯಾಗೆ ಹೇಳುವುದು ಅವಳಿಗೆ...

ಎದುರಿನ ಕುರ್ಚಿ ಸದ್ದಾಯಿತು. ಯಾರೋ ಮೂಗು ಒರೆಸಿಕೊಂಡರು.

ಸುಪ್ರಜಾ? ಯಾವಾಗ ಬಂದೆ, ಇಷ್ಟು ಹೊತ್ತೂ ನನ್ನ ಎದುರಿಗೇ